ಕಾಲೆತ್ತಬೇಡಿ ಎನ್ನುತ್ತಿದ್ದ ತಮ್ಮಯ್ಯ

ಸಮುದ್ರ ಕಣ್ಣೆದುರಿಗೇ ಇರುತ್ತಿತ್ತು. ಹಳೇಬೀಡಿನಿಂದ ಘಾಟಿ ಇಳಿದು ಬಂದ ಹದಿನಾರು ಜನ ನಾವು, ಹೆಂಗಸರು ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಗಂಡಸರು ಪ್ಯಾಂಟು ಮಂಡಿಯವರೆಗೆ ಮಡಿಸಿಕೊಂಡು, ಯಾವಾಗ ಇಳಿದೇವೋ ಎಂದು ಸೀಟಿನ ತುದಿಯಲ್ಲಿ ಕುಳಿತಿರುತ್ತಿದ್ದೆವು. ಡ್ರೈವರ್ ತಮ್ಮಯ್ಯ ಮಾತ್ರ ಟಿ.ಟಿ. ವ್ಯಾನಿನ ಬಾಗಿಲಿಗೆ ಕೈ ಅಡ್ಡ ಹಿಡಿದು ನಿಂತು ಪರೀಕ್ಷೆ ಶುರು ಮಾಡುತ್ತಿದ್ದ.

“ಯೋಳಿ. ನೀರಿಗಿಳಿದ ಮ್ಯಾಕೆ ಕಾಲು ಏನ್ಮಾಡ್ಬೇಕು?”

“ಎಳೀಬೇಕು.”

“ಎತ್ತಬೌದಾ?”

“ಎತ್ತಬಾರದು.”

“ಚುಚ್ಚೇ ಬುಡ್ತು ಅಂದ್ರೆ?”

“ಬಿಸಿನೀರಲ್ಲಿ ಕಾಲಿಡಬೇಕು.”

“ಮೇಲ್ಗಡೆ ಕಟ್ಬೌದಾ?”

“ಕಟ್ಟಬಾರದು.”

“ಹಿಂದ್ಗಡೆ ಒಬ್ರು ಬಾಯೇ ಬಿಡ್ಲಿಲ್ಲ. ಮೇಷ್ಟ್ರೇ, ನೀವೂ ಯೋಳ್ಬೇಕು.”

ಆ ಮೇಷ್ಟ್ರು ನಾನು. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವನು. ಅರಬ್ಬೀ ಸಮುದ್ರವನ್ನು ನಕ್ಷೆಯ ಮೇಲೆ ಕೋಲಿನಿಂದ ತೋರಿಸುತ್ತಾ ಇಪ್ಪತ್ತು ವರ್ಷ ಕಳೆದವನು. ನನ್ನನ್ನೂ ಆ ಗಿಳಿಗಳ ಸಾಲಿಗೆ ಸೇರಿಸಿ ಬಾಯಿಪಾಠ ಒಪ್ಪಿಸಿಕೊಂಡ ಮೇಲೆಯೇ ತಮ್ಮಯ್ಯ ಬಾಗಿಲು ಬಿಡುತ್ತಿದ್ದದ್ದು. ಬಿಟ್ಟ ಮೇಲೂ ಮುಗಿಯುತ್ತಿರಲಿಲ್ಲ. ಒಣ ಮರಳಿನ ಮೇಲೆ ತಾನು ಮುಂದೆ, ನಾವು ಹಿಂದೆ, ಎಲ್ಲರೂ ಪಾದವನ್ನು ನೆಲಕ್ಕೆ ಒತ್ತಿ ಸರಕ್ ಸರಕ್ ಎಂದು ಎಳೆಯುತ್ತಾ ಒಂದು ಸುತ್ತು ಬರಬೇಕು. ಕಡಲೆಕಾಯಿ ಮಾರುವವರು ನಮ್ಮನ್ನು ನೋಡಿ ನಗುತ್ತಿದ್ದರು. ತಮ್ಮಯ್ಯನ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ.

ತಮ್ಮಯ್ಯ ಹೋಗಿ ಇದು ಎರಡನೆಯ ವರ್ಷ. ನಮ್ಮ ಬೀದಿಯವರು ಈಗ ಟೂರು ಹೋಗುವುದಿಲ್ಲ. ಯಾರೂ ಬೇಡ ಎಂದು ತೀರ್ಮಾನ ಮಾಡಿದ್ದಲ್ಲ, ಯಾರೂ ಮಾತೆತ್ತಲಿಲ್ಲ, ಅಷ್ಟೆ.

ಅವನ ಊರು ಬಿಕ್ಕೋಡು. ಮೊದಲು ಕಾಫಿ ಎಸ್ಟೇಟಿನಲ್ಲಿ ಆಳುಗಳನ್ನು ಸಾಗಿಸುವ ಜೀಪು ಓಡಿಸುತ್ತಿದ್ದ. ನಡುವಯಸ್ಸಿಗೆ ಬರುವ ಹೊತ್ತಿಗೆ ಹದಿನೇಳು ಸೀಟಿನ ಟಿ.ಟಿ. ಒಂದನ್ನು ತನ್ನದಾಗಿ ಮಾಡಿಕೊಂಡು ಬೇಲೂರು ಬಸ್‌ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿಕೊಂಡಿರುತ್ತಿದ್ದ. ಕುಳ್ಳು, ಅಗಲ ಬೆನ್ನು, ಸ್ವಂತ ಗಾಡಿಯಾದರೂ ಖಾಕಿ ಅಂಗಿಯನ್ನು ಬಿಡದ ಮನುಷ್ಯ. ಗಾಡಿ ಹತ್ತುವ ಮೊದಲು ಚಪ್ಪಲಿ ಬಿಡುತ್ತಿದ್ದ. ಹೊಸಬರು ಇದನ್ನು ಭಕ್ತಿ ಅಂದುಕೊಂಡು ಕೈಮುಗಿಯುವುದೂ ಇತ್ತು. ತಮ್ಮಯ್ಯ ಅವರನ್ನು ತಿದ್ದುತ್ತಿದ್ದ: “ಭಕ್ತಿನೂ ಇಲ್ಲ, ಗಿಕ್ತಿನೂ ಇಲ್ಲ ಕಣ್ರೀ. ಬ್ರೇಕು ಮಾತಾಡ್ತೈತೆ. ಅದು ಅಂಗಾಲಿಗೆ ಕೇಳಬೇಕು, ಚಪ್ಪಲಿಗಲ್ಲ.”

ಇದು ಬಾಯಿಮಾತಲ್ಲ ಎಂದು ನಮಗೆ ಚಾರ್ಮಾಡಿಯಲ್ಲಿ ಗೊತ್ತಾಯಿತು. ಇಳಿಜಾರಿನ ಎರಡನೆಯ ತಿರುವಿನಲ್ಲೇ ಗಾಡಿಯನ್ನು ಬಂಡೆಯ ಮಗ್ಗುಲಿಗೆ ಒತ್ತಿ ನಿಲ್ಲಿಸಿದ. “ಪೆಡಲ್ಲು ಒಂಚೂರು ಮೆತ್ತಗಾಗೈತೆ,” ಎಂದ. ನಮಗೆ ಯಾರಿಗೂ ಏನೂ ಅನ್ನಿಸಿರಲಿಲ್ಲ. ಧರ್ಮಸ್ಥಳದ ಊಟದ ಹೊತ್ತು ಮೀರುತ್ತದೆ ಎಂದು ಎಲ್ಲರೂ ಗೊಣಗಿದೆವು, ನಾನು ತುಸು ಜೋರಾಗಿಯೇ ಗೊಣಗಿದೆ. ಮೆಕ್ಯಾನಿಕ್ ಬಂದು ಚಕ್ರ ಬಿಚ್ಚಿದಾಗ ಬ್ರೇಕಿನ ಎಣ್ಣೆಯೆಲ್ಲ ಸೋರಿ ಟೈರಿನ ಒಳಮೈಗೆ ಮೆತ್ತಿತ್ತು. ಇನ್ನೆರಡು ತಿರುವು ಇಳಿದಿದ್ದರೆ ನಾವು ಹದಿನಾರು ಜನವೂ ಫೋಟೋಗಳಾಗಿರುತ್ತಿದ್ದೆವು. ಆ ದಿನದಿಂದ ನಮ್ಮ ಬೀದಿಯವರಿಗೆ ತಮ್ಮಯ್ಯನ ಬಲಗಾಲು ಎಂದರೆ ದೇವರ ಸಮಾನ. ಅವನಿಗೂ ಅದರ ಮೇಲೆ ಮಮತೆ. ಗಾಡಿ ನಿಲ್ಲಿಸಿದ ಕಡೆಯೆಲ್ಲ ಕುಕ್ಕರಗಾಲಿನಲ್ಲಿ ಕುಳಿತು ಅಂಗಾಲಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದ.

ಕಾಲಿಗೆ ಚುಚ್ಚುವ ಸಮುದ್ರದ ಮೀನಿನ ವಿಷಯ ಬಿಕ್ಕೋಡಿನವನಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದರೆ ಒಂದೇ ಕತೆ ಹೇಳುತ್ತಿದ್ದ. ಜೀಪು ಓಡಿಸುವ ಕಾಲದಲ್ಲಿ ಎಸ್ಟೇಟಿನ ಸಾಹುಕಾರರನ್ನು ಉಡುಪಿಯ ಕಡೆಗೆ ಕರೆದುಕೊಂಡು ಹೋಗಿದ್ದನಂತೆ. ದಡದಲ್ಲಿ ಬಲೆ ಎಳೆಯುತ್ತಿದ್ದ ಗಟ್ಟಿಮುಟ್ಟಾದ ಆಳೊಬ್ಬ ಮೊಣಕಾಲು ನೀರಿನಲ್ಲಿ ಒಮ್ಮೆಲೇ ಕಿರುಚಿ ಬಿದ್ದನಂತೆ. ಗುಡಿಸಲಿನಿಂದ ಒಬ್ಬ ಮುದುಕಿ ಗಂಜಿಗೆ ಇಟ್ಟಿದ್ದ ಬಿಸಿನೀರನ್ನು ಮಡಕೆ ಸಮೇತ ತಂದು, ಕೈಯಿಟ್ಟು ನೋಡಿ, ತಣ್ಣೀರು ಬೆರೆಸಿ, ಅವನ ಕಾಲನ್ನು ಅದರೊಳಗೆ ಅದುಮಿ ಹಿಡಿದಳಂತೆ. ಸ್ವಲ್ಪ ಹೊತ್ತಿಗೆ ಆ ಆಳು ಕಿರುಚುವುದನ್ನು ಬಿಟ್ಟು ಬೀಡಿ ಕೇಳಿದನಂತೆ.

“ಅದ್ರೆಸ್ರು ತೊರಕೆ ಅಂತ. ಮೊರದಂಗೆ ಚಪ್ಪಟೆ. ಮರಳು ಹೊದ್ಕಂಡು ಮಲಗಿರ್ತೈತೆ, ನಮ್ ಕಣ್ಣಿಗೆ ಕಾಣಾಕಿಲ್ಲ. ಬಾಲದಾಗೆ ಗರಗಸದಂಥ ಮುಳ್ಳು. ಅದೇನು ಕೆಟ್ಟ ಪ್ರಾಣಿ ಅಲ್ಲ ಮೇಷ್ಟ್ರೇ. ನೀವು ಮಲಗಿದ್ದಾಗ ಯಾರಾದ್ರೂ ಬೆನ್ ಮೇಲೆ ಕಾಲಿಟ್ರೆ ನೀವು ಸುಮ್ಕಿರ್ತೀರಾ? ಕಾಲು ಎಳ್ಕಂಡು ಹೋದ್ರೆ ಮರಳು ಅಲುಗ್ತೈತೆ, ಅದುಕ್ಕೆ ಗೊತ್ತಾಗ್ತೈತೆ, ದಾರಿ ಬುಟ್ಟು ಹೋಗ್ತೈತೆ. ಎತ್ತಿ ಇಟ್ರೆ ಮುಗೀತು.”

ನಾನು ಅವನನ್ನು ಕೆಣಕದೆ ಬಿಟ್ಟವನಲ್ಲ. “ಏನಪ್ಪಾ ತಮ್ಮಯ್ಯ, ನಮ್ಮ ದೇವಸ್ಥಾನದ ಗೋಡೆಯ ಮೇಲೆ ಆನೆ ಇದೆ, ಕುದುರೆ ಇದೆ, ಸಾಲುಸಾಲು ಮಕರ ಇದೆ. ನಿನ್ನ ತೊರಕೆ ಎಲ್ಲೂ ಇಲ್ಲವಲ್ಲ?” ಎಂದೆ ಒಮ್ಮೆ.

“ಕೆತ್ತಿದೋರು ಸಮುದ್ರ ಎಲ್ ನೋಡಿದ್ರು? ಅದುಕ್ಕೇ ಮಕರಕ್ಕೆ ಅಷ್ಟ್ ದೊಡ್ಡ ಬಾಯಿ ಮಡಗವ್ರೆ. ಕೊಲ್ಲೋ ಅಂಥದ್ದು ಬಾಯಾಗಿರಾಕಿಲ್ಲ ಮೇಷ್ಟ್ರೇ, ಬಾಲದಾಗಿರ್ತೈತೆ.”

ನಾನು ಅದನ್ನು ಸ್ಟಾಫ್ ರೂಮಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಅವನಿಗೆ ‘ಮೀನು ಮಾಸ್ತರು’ ಎಂದು ಹೆಸರಿಟ್ಟವನೂ ನಾನೇ. ಅಡ್ಡಹೆಸರು ಇಟ್ಟಾಗ ಮನುಷ್ಯನ ಮಾತಿಗೆ ಬೆಲೆ ಕಡಿಮೆಯಾಗುತ್ತದೆ. ಮೇಷ್ಟ್ರಾದ ನನಗೆ ಇದು ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕಿತ್ತು. ಮಕ್ಕಳು ನನಗೆ ಇಟ್ಟಿರುವ ಹೆಸರು ನನಗೂ ಗೊತ್ತು.

ತಮ್ಮಯ್ಯನ ಪಾಠಕ್ಕೆ ಎದುರು ನಿಂತವಳೆಂದರೆ ನಮ್ಮ ಕಮಲಕ್ಕ ಒಬ್ಬಳೇ. ನನ್ನ ಸ್ವಂತ ಅಕ್ಕ, ಗಂಡಸಿ ಎಂಬ ಊರಿಗೆ ಕೊಟ್ಟಿದ್ದು. ತೆಂಗಿನ ತೋಟದ ಮನೆಯ ಯಜಮಾನಿ, ಮಾತು ಅಂದರೆ ಮಾತು. ಪ್ರತಿ ವರ್ಷ ಕಣದ ಕೆಲಸ ಮುಗಿಸಿ ರಾಗಿ ಮನೆಗೆ ತುಂಬಿಸಿದ ಮೇಲೆ ನಮ್ಮ ಜೊತೆ ಟೂರಿಗೆ ಬರುತ್ತಿದ್ದಳು. “ಕಾಲು ಎಳ್ಕಂಡು ನಡೆಯೋದು ದರಿದ್ರ ಕಣಪ್ಪ. ನಾವು ಚಿಕ್ಕೋರಿದ್ದಾಗ ನಮ್ಮವ್ವ ಇದುಕ್ಕೇ ಬೆನ್ ಮೇಲೆ ಬಾರಿಸ್ತಿತ್ತು. ತೀರ್ಥಕ್ಕೆ ಬಂದು ದರಿದ್ರದ ನಡಿಗೆ ನಡೀಬೇಕಾ?” ಎನ್ನುತ್ತಿದ್ದಳು.

“ನೆಲದ ಮೇಲೆ ದರಿದ್ರ ಕಮಲಕ್ಕಾ, ನೀರಾಗೆ ಅದೇ ಮರ್ಯಾದೆ. ಮಲಗಿರೋರನ್ನ ಎಬ್ಬಿಸಿ ಹೋಗೋದು,” ಎನ್ನುತ್ತಿದ್ದ ತಮ್ಮಯ್ಯ. ಕಮಲಕ್ಕ ಒಪ್ಪುತ್ತಿರಲಿಲ್ಲ, ಆದರೆ ಅವನ ಹಿಂದೆ ಎಳೆದುಕೊಂಡೇ ಹೋಗುತ್ತಿದ್ದಳು. ತಮ್ಮಯ್ಯ ತಾನು ಮೊದಲು ನೀರಿಗಿಳಿದು ಹತ್ತು ಮಾರು ಅತ್ತ, ಹತ್ತು ಮಾರು ಇತ್ತ ಕಾಲೆಳೆದು ತಿರುಗಿ ಬರುತ್ತಿದ್ದ. ಆಮೇಲೆ ಆ ಜಾಗದೊಳಗೇ ಆಟವಾಡಬೇಕು ಎಂದು ಅಂಚಿನಲ್ಲಿ ಮಂಡಿಮಟ್ಟದ ನೀರಿನಲ್ಲಿ ಕಾವಲು ನಿಲ್ಲುತ್ತಿದ್ದ. ಕೈಯಲ್ಲಿ ಟೀ ಲೋಟ. ದಿನಕ್ಕೆ ಆರು ಟೀ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ. ಶುಗರ್ ಇದೆ ಎಂದು ಬೇಲೂರಿನ ಡಾಕ್ಟರು ಹೇಳಿ ವರ್ಷಗಳಾಗಿದ್ದವು. “ಐತಂತೆ, ಇರ್ಲಿ ಬುಡಿ,” ಎನ್ನುತ್ತಿದ್ದ. ಬೇರೆಯವರ ಕಾಲಿಗೆ ಅಷ್ಟು ಜೋಪಾನ ಹೇಳುತ್ತಿದ್ದವನು ತನ್ನ ರಕ್ತದ ಮಾತಿಗೆ ಕಿವುಡನಾಗಿದ್ದ.

ಹೀಗೆ ಏಳು ವರ್ಷ ನಡೆಯಿತು. ಏಳು ವರ್ಷವೂ ಒಬ್ಬರಿಗೂ ಏನೂ ಆಗಲಿಲ್ಲ. ಏನೂ ಆಗಲಿಲ್ಲವಾದ್ದರಿಂದ ಆ ಮೀನೇ ಇಲ್ಲ ಎಂದು ನಾವು ಒಳಗೊಳಗೇ ಅಂದುಕೊಂಡಿದ್ದೆವು.

ಎಂಟನೆಯ ವರ್ಷ ಕಮಲಕ್ಕ ಒಂದು ತೆಂಗಿನಕಾಯಿ ತಂದಿದ್ದಳು. ಹೊಸ ತೋಟದ ಮರ ಮೊದಲ ಸಲ ಫಸಲಿಗೆ ಬಂದಿತ್ತು. ಆ ಮೊದಲ ಕಾಯಿಯನ್ನು ಸಮುದ್ರದ ಗಂಗಮ್ಮನಿಗೆ ಬಿಡುತ್ತೇನೆಂದು ಹರಕೆ ಹೊತ್ತಿದ್ದಳಂತೆ. ಅರಿಸಿನ ಕುಂಕುಮ ಹಚ್ಚಿ, ವೀಳ್ಯದೆಲೆಯ ಮೇಲೆ ಕರ್ಪೂರ ಹಚ್ಚಿ, ನೀರಿನ ಮೇಲೆ ಬಿಟ್ಟಳು. ಅಲೆ ಬಂದು ಕಾಯಿಯನ್ನು ಅವಳ ಕಾಲಿನ ಬುಡಕ್ಕೇ ತಂದು ಹಾಕಿತು. ಮತ್ತೆ ಬಿಟ್ಟಳು. ಮತ್ತೆ ಬಂತು.

ನಾವು ಕೆರೆಯ ಜನ. ಕೆರೆಗೆ ಬಿಟ್ಟ ಕಾಯಿ ಗಾಳಿಗೆ ಮೆಲ್ಲಗೆ ನಡುವಿಗೆ ಹೋಗುತ್ತದೆ, ಗಂಗಮ್ಮ ತೆಗೆದುಕೊಂಡಳು ಎಂದು ಕೈಮುಗಿದು ಬರುತ್ತೇವೆ. ದಡಕ್ಕೆ ತಿರುಗಿ ಬಂದರೆ ಒಪ್ಪಲಿಲ್ಲ ಎಂದು ಅರ್ಥ. ಸಮುದ್ರ ಎಲ್ಲವನ್ನೂ ದಡಕ್ಕೇ ತಂದು ಹಾಕುತ್ತದೆ ಎಂಬುದು ನನಗೆ ಗೊತ್ತಿತ್ತು, ಅಲೆಗಳ ಪಾಠ ಮಾಡುವವನು ನಾನು. ಆದರೂ ಮೂರನೆಯ ಸಲ ಕಾಯಿ ವಾಪಸು ಬಂದಾಗ ನನ್ನ ಎದೆಯೂ ಝಲ್ಲೆಂದಿತು.

“ಅವ್ಳು ಒಲ್ಲೆ ಅಂತಾವ್ಳೆ ಕಣೋ,” ಎಂದಳು ಕಮಲಕ್ಕ. ಕಾಯಿಯನ್ನು ಎದೆಗೆ ಒತ್ತಿಕೊಂಡು ತಮ್ಮಯ್ಯ ಹಾಕಿಕೊಟ್ಟ ಜಾಗವನ್ನು ದಾಟಿ, ಸೀರೆ ನೆನೆಯುವುದನ್ನೂ ನೋಡದೆ, ದೊಡ್ಡ ದೊಡ್ಡ ಹೆಜ್ಜೆ ಇಡುತ್ತಾ ಓರೆಯಾಗಿ ಹೊರಟೇಬಿಟ್ಟಳು. ಅಲೆಯಾಚೆಗೆ ಎಸೆದು ಬರಬೇಕೆಂದು. ಎದುರಿನಿಂದ ಬಂದ ಅಲೆ ಅವಳನ್ನು ಕೆಡವಿತು. ಸೀರೆ ಕಾಲಿಗೆ ಸುತ್ತಿಕೊಂಡು ಏಳಲಾರದೆ ನೀರು ಕುಡಿದಳು.

ತಮ್ಮಯ್ಯ ಟೀ ಲೋಟ ಎಸೆದು ಓಡಿದ. ನೀರಿನಲ್ಲಿ ಯಾರೂ ಕಾಲೆಳೆದುಕೊಂಡು ಓಡಲಾರರು. ಮಂಡಿ ಎದೆಗೆ ಬರುವ ಹಾಗೆ ಎತ್ತೆತ್ತಿ ಇಡುತ್ತಾ ಹೋಗಿ ಕಮಲಕ್ಕನ ರಟ್ಟೆ ಹಿಡಿದು ಮೇಲೆತ್ತಿದ. ಎತ್ತಿ ನಿಲ್ಲಿಸಿದ ಮೇಲೆಯೇ ಅವನ ಮುಖ ಬದಲಾಗಿದ್ದು. ಕೂಗಲಿಲ್ಲ. ಕಮಲಕ್ಕನನ್ನು ದಡದವರೆಗೆ ದೂಡಿಕೊಂಡು ಬಂದು, ಮರಳಿನ ಮೇಲೆ ಕುಳಿತು, ಆಮೇಲೆ ಕೂಗಿದ. ಬಲಗಾಲಿನ ಹಿಮ್ಮಡಿಯ ಮೇಲೆ, ಒಳಮಗ್ಗುಲಲ್ಲಿ, ಸೀಳಿದ ಗಾಯದಿಂದ ರಕ್ತ ಇಳಿಯುತ್ತಿತ್ತು.

ಮುಂದಿನದನ್ನು ಬರೆಯಲೆಂದೇ ನಾನು ಇಷ್ಟನ್ನೂ ಬರೆದಿದ್ದು. ನನ್ನ ಹೆಗಲ ಮೇಲಿನ ಟವಲನ್ನು ತೆಗೆದು ಅವನ ಮೀನಖಂಡಕ್ಕೆ ಬಿಗಿದು ಎರಡು ಗಂಟು ಹಾಕಿದವನು ನಾನು. ಹಾವು ಕಡಿದರೆ ನಮ್ಮ ಅಪ್ಪ ಹಾಗೆ ಮಾಡುತ್ತಿದ್ದರು. ಕಮಲಕ್ಕ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, “ಚೇಳಿಗೆ ಇದೇ ಕಣಪ್ಪ ಮದ್ದು,” ಎಂದು ಅಳುತ್ತಾ ಗಾಯದೊಳಗೆಲ್ಲ ಸುಣ್ಣ ಮೆತ್ತಿದಳು. ಯಾರೋ ಸೋಡಾ ಅಂಗಡಿಯಿಂದ ಐಸು ತಂದು ಒತ್ತಿದರು. ತಮ್ಮಯ್ಯ ನನ್ನ ಅಂಗಿ ಹಿಡಿದು ಜಗ್ಗುತ್ತಿದ್ದ. “ಬಿಸಿನೀರು! ಬಿಚ್ಚಿ ಮೇಷ್ಟ್ರೇ! ಬಿಸಿನೀರು ತರ್ರೋ!”

ಟಿ.ಟಿ.ಯ ಮರೆಯಲ್ಲಿ ನಮ್ಮದೇ ಗ್ಯಾಸ್ ಒಲೆ ಉರಿಯುತ್ತಿತ್ತು. ಅದರ ಮೇಲೆ ಕಾಫಿಗೆಂದು ದೊಡ್ಡ ಪಾತ್ರೆಯ ತುಂಬ ನೀರು ಕಾಯುತ್ತಿತ್ತು. ನನ್ನ ಹೆಂಡತಿ ಸರೋಜ ಸೌಟು ಹಿಡಿದುಕೊಂಡೇ ಓಡಿ ಬಂದಳು.

“ರೀ, ಬಿಸಿನೀರು ಅಂತಿದಾರಲ್ರೀ. ಕಾದಿದೆ, ತರ್ಲಾ?”

“ಹಸಿ ಗಾಯಕ್ಕೆ ಬಿಸಿನೀರಾ? ನೋವಿಗೆ ಏನೋ ಬಡಬಡಿಸ್ತಿದಾನೆ. ನೀನು ಕಾಫಿ ಮಾಡು ಹೋಗು, ಅವನಿಗೂ ಒಂದು ಲೋಟ ಕೊಡೋಣ.”

ಏಳು ವರ್ಷ ಬಾಯಿಪಾಠ ಒಪ್ಪಿಸಿದ ಬಾಯಿ ಈ ಮಾತು ಆಡಿತು. ಸರೋಜ ಹೋಗಿ ಆ ನೀರಿಗೆ ಕಾಫಿಪುಡಿ ಹಾಕಿದಳು.

ಆಟೋದಲ್ಲಿ ಹತ್ತಿರದ ಒಂದು ಸಣ್ಣ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅವನ ಪಾದ ನೀಲಿಗಟ್ಟಿತ್ತು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಟವಲನ್ನು ಕತ್ತರಿಯಿಂದ ಕತ್ತರಿಸಿ, ಸುಣ್ಣವನ್ನು ಕೆರೆದು ತೆಗೆಯುತ್ತಾ, “ಇದನ್ನೆಲ್ಲ ಮಾಡಿದ್ದು ಯಾರು?” ಎಂದರು. ಟಬ್ಬಿನಲ್ಲಿ ಬಿಸಿನೀರು ತರಿಸಿ ಕಾಲಿಡಿಸಿದರು. ಅರ್ಧ ಗಂಟೆ ಕಳೆಯುವುದರೊಳಗೆ ತಮ್ಮಯ್ಯನ ಹಲ್ಲು ಕಚ್ಚಿದ ದವಡೆ ಸಡಿಲವಾಯಿತು. ನಾನು ಅದನ್ನು ನೋಡುತ್ತಾ ಬಾಗಿಲಲ್ಲಿ ನಿಂತಿದ್ದೆ. ಅವನು ನನ್ನ ಕಡೆ ನೋಡಲಿಲ್ಲ.

“ಮುಳ್ಳಿನ ಚೂರು ಒಳಗೇ ಉಳಿದಿರಬಹುದು. ನಮ್ಮಲ್ಲಿ ಎಕ್ಸ್‌ರೇ ಇಲ್ಲ. ಇವತ್ತೇ ಉಡುಪಿಗೆ ಕರ್ಕೊಂಡು ಹೋಗಿ. ಶುಗರ್ ಬೇರೆ ಇದೆ, ತಡ ಮಾಡಬೇಡಿ,” ಎಂದರು ಡಾಕ್ಟರಮ್ಮ.

ಅವತ್ತು ಭಾನುವಾರ. ಸೋಮವಾರ ಬೆಳಿಗ್ಗೆ ನನಗೆ ಶಾಲೆ, ಇನ್ನೊಬ್ಬರಿಗೆ ಕಚೇರಿ, ಮತ್ತೊಬ್ಬರ ಮನೆಯಲ್ಲಿ ಹಾಲು ಕರೆಯುವವರಿಲ್ಲ. ಉಡುಪಿಗೆ ಹೋದರೆ ಒಂದು ದಿನ ಹೋಗುತ್ತದೆ. ಟೂರಿನ ಮುಂದಾಳು ನಾನಾದ್ದರಿಂದ ಎಲ್ಲರೂ ನನ್ನ ಮುಖ ನೋಡಿದರು. “ಹಾಸನದಲ್ಲೇ ತೆಗೆಸಿದರಾಯಿತು ಅಲ್ವೇನಪ್ಪಾ ತಮ್ಮಯ್ಯ? ನಿನಗೂ ಮನೆ ಹತ್ತಿರ,” ಎಂದೆ.

“ನೀವು ಯೋಳ್ದಂಗೆ ಮೇಷ್ಟ್ರೇ. ನೋವು ಇಳ್ದೈತೆ,” ಎಂದ ತಮ್ಮಯ್ಯ. ಹಾಗೆನ್ನುವಾಗ ಅವನ ದನಿಯಲ್ಲಿ ಏನೂ ಇರಲಿಲ್ಲ. ಬಟ್ಟೆ ಸುತ್ತಿದ ಆ ಕಾಲಿನಲ್ಲೇ ಘಾಟಿ ಹತ್ತಿಸಿ ನಮ್ಮನ್ನೆಲ್ಲ ಮನೆಗೆ ಮುಟ್ಟಿಸಿದ. ನಾನು ಮುಂದಿನ ಸೀಟಿನಲ್ಲಿ ಕುಳಿತಿದ್ದೆ. ಕೊಟ್ಟಿಗೆಹಾರ ದಾಟಿದ ಮೇಲೆ ಒಂದೇ ಒಂದು ಮಾತು ಆಡಿದ: “ಬ್ರೇಕು ಕೇಳ್ತಿಲ್ಲ ಮೇಷ್ಟ್ರೇ ಕಾಲಿಗೆ.” ಪಟ್ಟಿ ದಪ್ಪ ಆಯಿತೇನೋ ಎಂದೆ.

ಎಂಟು ದಿನ ಬಿಟ್ಟು ಬೇಲೂರಿನಲ್ಲಿ ಸಿಕ್ಕ. ಗಾಯದ ಬಾಯಿ ಮುಚ್ಚಿಕೊಂಡಿತ್ತು. ಎಕ್ಸ್‌ರೇ ತೆಗೆಸಿದೆಯಾ ಎಂದರೆ, “ಮಾಲೇಕಲ್ ತಿರುಪತಿಗೆ ಒಂದ್ ಗುಂಪು ಒಪ್ಕಂಡಿವ್ನಿ. ಅದು ಮುಗುಸ್ಕಂಡು ತೆಗುಸ್ತೀನಿ ಬುಡಿ. ಮುಚ್ಕಂಡೈತಲ್ಲ,” ಎಂದ. ಶಾಲೆಗೆ ರಜೆ ಹಾಕಿ ಅವನನ್ನು ಅಲ್ಲಿಂದಲೇ ಹಾಸನಕ್ಕೆ ಎಳೆದೊಯ್ಯಬೇಕಿತ್ತು. ನಾನು ಅವನ ಜೊತೆ ಟೀ ಕುಡಿದು ಬಂದೆ. ನಿಜ ಹೇಳಬೇಕೆಂದರೆ ಗಾಯ ಮುಚ್ಚಿದ್ದು ನೋಡಿ ನನಗೆ ದೊಡ್ಡ ಹೊರೆ ಇಳಿದ ಹಾಗಾಗಿತ್ತು.

ಮೂರು ವಾರಕ್ಕೆ ಅವನ ಹೆಂಡತಿ ಜಯಮ್ಮ ಫೋನು ಮಾಡಿದಳು. “ಮೇಷ್ಟ್ರೇ, ಕಾಲು ವಾಸ್ನೆ ಬತ್ತೈತೆ. ಇವರು ಯೋಳಾಕಿಲ್ಲ, ನೀವೇ ಬಂದು ನೋಡಿ.” ಹಾಸನದ ಆಸ್ಪತ್ರೆಯಲ್ಲಿ ಉಗುರಿನಷ್ಟು ಉದ್ದದ, ಹಲ್ಲುಹಲ್ಲಾದ ಚೂರೊಂದನ್ನು ತೆಗೆದರು. ಅಷ್ಟರಲ್ಲಿ ಕೀವು ಮೂಳೆಗೆ ಇಳಿದಿತ್ತು. ಮೊದಲು ಎರಡು ಬೆರಳು ಹೋದವು. ಹದಿನೈದು ದಿನಕ್ಕೆ ಪಾದ. ಆಮೇಲೆ ಮಂಡಿಯ ಕೆಳಗಿನವರೆಗೆ. ಪ್ರತಿ ಸಲವೂ ಡಾಕ್ಟರು ಇಷ್ಟಕ್ಕೆ ನಿಲ್ಲುತ್ತದೆ ಎಂದರು, ಪ್ರತಿ ಸಲವೂ ನಾವು ನಂಬಿದೆವು.

ಆ ದಿನಗಳಲ್ಲೇ ಒಂದು ಸಂಜೆ ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಹಳೆಯದನ್ನು ಹುಡುಕುವಾಗ ಆ ದಿನದ ವಿಡಿಯೋ ಸಿಕ್ಕಿತು. ಕಮಲಕ್ಕನ ಪೂಜೆ ತೆಗೆಯಲು ಹೊರಟವರು ಯಾರೋ ನಿಲ್ಲಿಸದೆ ತೆಗೆದದ್ದು. ಅದರಲ್ಲಿ ತಮ್ಮಯ್ಯನ ದನಿ ಅಲೆಯ ಸದ್ದಿಗಿಂತ ಸ್ಪಷ್ಟವಾಗಿದೆ. ಬಡಬಡಿಕೆ ಅಲ್ಲವೇ ಅಲ್ಲ. ಮಕ್ಕಳಿಗೆ ಬಿಡಿಸಿ ಹೇಳುವ ಹಾಗೆ ಒಂದೊಂದೇ ಮಾತು: ಬಿಚ್ಚಿ. ಬಿಸಿನೀರು. ಸುಣ್ಣ ಬ್ಯಾಡ. ಅವನು ಹಾಗೆ ಹೇಳುವಾಗ ನಾನು ಅವನ ಮುಖವನ್ನೇ ನೋಡುತ್ತಾ ಎರಡನೆಯ ಗಂಟು ಹಾಕುತ್ತಿದ್ದೇನೆ. ನಾನು ಅದನ್ನು ಅಳಿಸಿದೆ. ನನ್ನ ಫೋನಿನಲ್ಲಿ ಅಳಿಸಿದರೆ ಉಳಿದವರ ಫೋನಿನಲ್ಲಿ ಇರುತ್ತದೆ ಎಂಬುದು ಗೊತ್ತಿದ್ದೂ ಅಳಿಸಿದೆ.

ಆಸ್ಪತ್ರೆಯ ಖರ್ಚಿಗೆ ಟಿ.ಟಿ. ಹೋಯಿತು. ಜಯಮ್ಮ ಕಾಫಿ ಕುಯ್ಯುವ ಕೆಲಸಕ್ಕೆ ಹೊರಟಳು. ನಾನು ತಿಂಗಳಿಗೊಮ್ಮೆ ಬಿಕ್ಕೋಡಿಗೆ ಹೋಗಿ ಕುಳಿತು ಬರುತ್ತಿದ್ದೆ. ಅಷ್ಟು ಮಾತಿನ ಮನುಷ್ಯ ಹೂಂ, ಉಹೂಂ ಎರಡರಲ್ಲೇ ದಿನ ಕಳೆಯುತ್ತಿದ್ದ. ಒಮ್ಮೆ ಪಕ್ಕದ ಮನೆಯವರು ಸಮುದ್ರಕ್ಕೆ ಹೊರಟು ಹೇಳಿಹೋಗಲು ಬಂದರು. ಈಗಲಾದರೂ ಪಾಠ ಶುರು ಮಾಡುತ್ತಾನೆ ಎಂದು ನಾನು ಕಾದೆ. “ಹೋಗ್ಬುಟ್ಟು ಬನ್ನಿ,” ಎಂದ, ಅಷ್ಟೆ. ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಯಾಕಪ್ಪಾ, ಏನೂ ಹೇಳಲಿಲ್ಲವಲ್ಲ ಎಂದು ಕೇಳಿದೆ. ಅವನು ಗೋಡೆಯ ಕಡೆಗೆ ಮಗ್ಗುಲಾದ.

ಕೊನೆಯ ಸಲ ಹೋದಾಗ ಜಯಮ್ಮ ಒಂದು ಅರ್ಜಿ ಫಾರಂ ತಂದಿಟ್ಟಿದ್ದಳು. ಅಂಗವಿಕಲರ ಗುರುತಿನ ಚೀಟಿಗೆ. ತುಂಬಿಸಿಕೊಡಬೇಕಿತ್ತು. ಹೆಸರು, ತಂದೆಯ ಹೆಸರು, ಊರು, ಹೋಬಳಿ ಬರೆದೆ. ಉದ್ಯೋಗ ಎಂಬಲ್ಲಿ ಏನು ಬರೆಯಲಿ ಎಂದು ಕೇಳಲಿಲ್ಲ, ಚಾಲಕ ಎಂದೇ ಬರೆದೆ. ಕೆಳಗೆ ಒಂದು ಸಾಲಿತ್ತು: ಅಂಗವೈಕಲ್ಯಕ್ಕೆ ಕಾರಣ. ನಾನು ‘ತೊರಕೆ ಮೀನಿನ ಮುಳ್ಳು ಚುಚ್ಚಿ’ ಎಂದು ಶುರು ಮಾಡಿದೆ. ತಮ್ಮಯ್ಯ ಮಂಚದಿಂದ ಬಗ್ಗಿ ನೋಡಿದ.

“ಹೊಡೆದಾಕಿ ಅದ್ನ. ಬಿಕ್ಕೋಡಿನೋನಿಗೆ ಸಮುದ್ರದ ಮೀನು ಚುಚ್ತು ಅಂದ್ರೆ ಆಪೀಸಿನಾಗೆ ನಗ್ತಾರೆ. ಸಕ್ಕರೆ ಕಾಯಿಲೆ ಅಂತ ಬರೀರಿ.”

ಪೆನ್ನು ಕೆಳಗಿಟ್ಟೆ. ತಿಂಗಳುಗಳಿಂದ ಆಡದೆ ಇಟ್ಟುಕೊಂಡಿದ್ದ ಮಾತು ಅವತ್ತು ಹೊರಗೆ ಬಂತು. “ತಮ್ಮಯ್ಯ, ಟವಲು ಕಟ್ಟಿದ್ದು ನಾನು. ಬಿಸಿನೀರು ಬೇಡ ಅಂದಿದ್ದೂ ನಾನೇ. ಉಡುಪಿಗೆ ಬೇಡ ಅಂದಿದ್ದೂ...”

“ಗೊತ್ತಲ್ಲ,” ಎಂದ. ಕೋಪ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಚೆನ್ನಾಗಿತ್ತು. “ನಾನೇನು ಕಣ್ಮುಚ್ಕಂಡಿದ್ನಾ? ಏಳ್ವರ್ಷ ಯೋಳ್ದೆ. ಎಲ್ಲಾರೂ ಒಪ್ಸುದ್ರಿ, ನೀವೂ ಒಪ್ಸುದ್ರಿ. ಒಬ್ರ ಕಿವಿಗೂ ಬಿದ್ದಿರ್ಲಿಲ್ಲ. ಓದಿದೋರಿಗೇ ಬೀಳ್ನಿಲ್ಲ ಅಂದ್ ಮ್ಯಾಕೆ ಇನ್ ಯ್ಯಾರಿಗೆ ಯೋಳೋದು ಅಂತ ಸುಮ್ಕಾದೆ. ಬರೀರಿ ಮೇಷ್ಟ್ರೇ, ಹೊತ್ತಾಗ್ತೈತೆ. ನಿಮ್ ಬಸ್ಸು ಹೋಗ್ಬುಡ್ತೈತೆ.”

ನಾನು ಬರೆದದ್ದನ್ನು ಹೊಡೆದುಹಾಕಿ, ಮೇಲೆ ಸಣ್ಣದಾಗಿ ‘ಸಕ್ಕರೆ ಕಾಯಿಲೆ’ ಎಂದು ಬರೆದೆ. ಬರೆಯುತ್ತಿದ್ದ ಹಾಗೆ ನನ್ನ ಎದೆ ಹಗುರವಾಯಿತು. ಇನ್ನು ಯಾವ ಕಾಗದದಲ್ಲೂ ಆ ಮೀನು ಇಲ್ಲ, ಆ ದಡ ಇಲ್ಲ, ನಾನೂ ಇಲ್ಲ. ಆ ಹಗುರವನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆ ಚೀಟಿ ಬರುವ ಮೊದಲೇ ತಮ್ಮಯ್ಯ ಹೋದ. ಫಾರಂ ತುಂಬಿದ ಆ ದಿನ ಅದನ್ನು ಇಸಿದುಕೊಂಡು, ಕಣ್ಣಿನ ಹತ್ತಿರ ಹಿಡಿದು ಮೇಲಿಂದ ಕೆಳಗಿನವರೆಗೆ ನೋಡಿ, ಸಹಿ ಹಾಕಿ ನನ್ನ ಕೈಗೆ ಕೊಟ್ಟ.

“ಅಕ್ಸರ ಮುತ್ತಿನಂಗವೆ ಮೇಷ್ಟ್ರೇ,” ಎಂದ.